ಬ್ಯಾರನ್ನಿನ ಹಕ್ಕಿಗಳು

ಹನಗೋಡು
14–11–2024, ಗುರುವಾರ

ಪ್ರೀತಿಯ ಮಧು,

ನೀನು ಕ್ಷೇಮವಾಗಿದ್ದೀಯೆ ಎಂದುಕೊಂಡು ಬರೆಯುತ್ತಿದ್ದೇನೆ. ದೀಪಾವಳಿಗೆ ಮುಂಚೆಯೇ ನಿನ್ನ ಕಾಗದ ಬಂದಿತ್ತು. ಉತ್ತರ ತಡವಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಫೋನ್ ಮಾಡಬಹುದಿತ್ತು. ಅಂತರಸಂತೆಯಲ್ಲಿ ನಿನಗೆ ಸಿಗ್ನಲ್ ಸಿಗುವುದೇ ಕಷ್ಟ. ಸಿಕ್ಕರೂ ನಿಮ್ಮಪ್ಪ ಪಕ್ಕದಲ್ಲಿ ಕೂತು "ಸ್ಪೀಕರ್ ಆಕು" ಎನ್ನುತ್ತಾರೆ. ಇದು ಸ್ಪೀಕರಿನಲ್ಲಿ ಹೇಳುವ ಮಾತಲ್ಲ.

ಮೊದಲು ನಿನ್ನ ಹಕ್ಕಿ ಜುಟ್ಟಿಯ ವಿಷಯ. ಅವಳು ಬದುಕಿದ್ದಾಳೆ, ನಮ್ಮ ಅಡುಗೆಮನೆಯ ಕಿಟಕಿಯ ಹತ್ತಿರ ಇದ್ದಾಳೆ. ಮುಂದಿನದನ್ನು ಓದುವಾಗ ಇದನ್ನು ನೆನಪಿಟ್ಟುಕೋ.

ಹೋದ ವರ್ಷದ ಗೌರಿ ಹಬ್ಬಕ್ಕೆ ನನಗೆ ಬಾಗಿನ ತಂದ ನಿನ್ನ ಶಿವಮಾವ, ಹೋಗುವಾಗ ಅವಳ ಪಂಜರ ಎತ್ತಿಕೊಂಡು ಹೋದ. ನಾನು ಒಳಗೆ ಕಡುಬು ಬೇಯಿಸುತ್ತಿದ್ದೆ. ಕೊಟ್ಟವರು ನಿಮ್ಮಪ್ಪ. "ಹೆಣ್ಣಕ್ಕಿ ಸುಮ್ನೆ ಕೂತಿದ್ರೆ ಏನು ಬಂತು? ಒಂದು ಸಲ ಮರಿ ಮಾಡಿಸ್ಕೊಂಡು ತಂದುಕೊಡ್ತಾನೆ ಬುಡು" ಎಂದರು. ನನ್ನ ತಮ್ಮನ ಮೇಲೆ ಅನುಮಾನ ಪಡುವ ಕಾರಣ ನನಗಿರಲಿಲ್ಲ. ತಾನು ಮೊದಲು ಮಾಡಿಸಿದ ಕಾಕಟೀಲ್ ಗಿಳಿಮರಿಗಳಲ್ಲಿ ಒಂದನ್ನು ನಿನಗೆಂದು ತಂದುಕೊಟ್ಟವನೂ ಅವನೇ ತಾನೆ.

ಹೋದ ವಾರ ನಿಮ್ಮಪ್ಪನ ಜೊತೆ ಪಿರಿಯಾಪಟ್ಟಣಕ್ಕೆ, ತವರಿಗೆ, ಹೋಗಿದ್ದೆ. ಜುಟ್ಟಿಯನ್ನು ನೋಡಬೇಕು ಎಂದೆ. ಶಿವ ಹಿಂದೆ ಮುಂದೆ ನೋಡಿ, ಆಮೇಲೆ ಕರೆದುಕೊಂಡು ಹೋದ.

ಅವನು ಹಕ್ಕಿ ಸಾಕುವುದು ಹಿಂದೆ ಹೊಗೆಸೊಪ್ಪು ಬೇಯಿಸುತ್ತಿದ್ದ ಬ್ಯಾರನ್ನಿನಲ್ಲಿ. ಎಲೆ ಕಟ್ಟಿದ ಕಡ್ಡಿಗಳನ್ನು ಏರಿಸುತ್ತಿದ್ದ ಅಡ್ಡಮರಗಳಿಗೆ ಈಗ ಗೂಡಿನ ಪೆಟ್ಟಿಗೆಗಳನ್ನು ನೇತುಹಾಕಿದ್ದಾನೆ. ಕಿಟಕಿಯಿಲ್ಲ. "ಶಾಖ ಒಳಗೇ ನಿಲ್ತದೆ ಕಣಕ್ಕ, ಮರಿಗೆ ಒಳ್ಳೇದು" ಎಂದ. ಒಳಗೆ ನಿಂತದ್ದು ಶಾಖ ಒಂದೇ ಅಲ್ಲ. ಗೋಡೆಗೆ ಹಿಡಿದ ಹೊಗೆಸೊಪ್ಪಿನ ಘಾಟು, ಹಿಕ್ಕೆ, ಒಡೆದು ಕೊಳೆತ ಮೊಟ್ಟೆ, ಆ ಹಕ್ಕಿಗಳ ಪುಕ್ಕದಿಂದ ಉದುರುವ ಬಿಳಿ ಪುಡಿ ಎಲ್ಲವೂ ಸೇರಿ ಗಂಟಲಿಗೆ ಅಂಟಿಕೊಂಡಿತು. ನೀರಿನ ಬಟ್ಟಲುಗಳ ಒಳಗೆ ಲೋಳೆ ಕಟ್ಟಿತ್ತು. ಬೆರಳಿಟ್ಟು ನೋಡಿದೆ. ಆ ಬೆರಳನ್ನು ಎಷ್ಟು ಸೋಪು ಹಚ್ಚಿ ತೊಳೆದರೂ ನನಗೆ ಸಮಾಧಾನವಾಗಲಿಲ್ಲ.

ಜುಟ್ಟಿ ಪಂಜರದ ತಳದಲ್ಲಿ ಮೈ ಉಬ್ಬಿಸಿಕೊಂಡು ಕೂತಿದ್ದಳು. ಉಸಿರಾಡಿದಾಗಲೆಲ್ಲ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ನೀನು ಕಲಿಸಿದ ಶಿಳ್ಳೆಯನ್ನು ನನಗೆ ಬಂದ ಹಾಗೆ ಹಾಕಿದೆ. ಕಣ್ಣು ತೆರೆದು, ಮುಚ್ಚಿಕೊಂಡಳು.

"ಏನಾಗದೆ ಇವಳಿಗೆ?" ಎಂದೆ.

"ಮೊಟ್ಟೆ ಸಿಕ್ಕಾಕ್ಕೊಂಡದೆ. ಒಂದೊಂದು ಸಲ ಅಂಗಾಯ್ತದೆ. ನಾಳಿಕೆ ಇಕ್ಬುಡ್ತದೆ."

"ಇದು ಎಷ್ಟನೇ ಸಲದ್ದು?"

"ಯಾವೋನು ಲೆಕ್ಕ ಇಟ್ಟವ್ನೆ? ಮರಿ ಕಣ್ಣು ಬುಟ್ಟೇಟ್ಗೆ ಎತ್ಕೊಂಡ್ರೆ ತಿರ್ಗಾ ಇಕ್ತದೆ. ಕೈಯಲ್ಲಿ ತಿನ್ಸಿ ಬೆಳಸಿದ್ದನ್ನೇ ಜನ ಕೇಳೋದು."

ಜೊತೆಗಿದ್ದ ಹಳದಿ ಗಂಡು ಎಲ್ಲಿಯದು ಎಂದು ಕೇಳಿದೆ.

"ಇದರ ಜೊತೇಲೇ ಮರಿಯಾದದ್ದು. ಹಳದಿಗೆ ಹಳದಿ ಆಕಿದ್ರೆ ಬಣ್ಣ ಕೆಡಲ್ಲ. ಒರಗಿನ ಹಕ್ಕಿ ತಂದ್ರೆ ಏನು ಬತ್ತದೋ ಏನೋ."

"ಅಣ್ಣ ತಂಗಿ ಕಣೋ ಅವು."

"ಹಕ್ಕಿಗೇನಕ್ಕ ಅಣ್ಣ ತಂಗಿ? ಅವೇನು ಲಗ್ನಪತ್ರಿಕೆ ಒಡಿಸ್ತವಾ?" ಎಂದು ನಕ್ಕ.

ಬ್ಯಾರನ್ನಿಗೆ ಹಿಂದೆ ಸೌದೆ ತುರುಕುತ್ತಿದ್ದ ಒಲೆಯ ಬಾಯಿಗೆ ಇರುವೆಯ ಸಾಲು ಹೋಗುತ್ತಿತ್ತು. ಬಗ್ಗಿ ನೋಡಿದೆ. ಮರಿಗಳು. ಜುಟ್ಟು ಇರಬೇಕಾದಲ್ಲಿ ಬೋಳು ಚರ್ಮ. ಒಂದರ ಕಾಲುಗಳು ಎರಡು ಪಕ್ಕಕ್ಕೆ ಚಾಚಿಕೊಂಡಿದ್ದವು. ಅದು ಇನ್ನೂ ಬಾಯಿ ತೆರೆಯುತ್ತಿತ್ತು.

"ಹುಟ್ಟುವಾಗ್ಲೇ ಅಂಗೆ ಕಣಕ್ಕ, ನಾನೇನು ಮಾಡ್ಲಿ?" ಎಂದ ಶಿವ. "ಅಂಥವುಕ್ಕೆ ತಿನ್ಸೋದೂ ದಂಡ."

ನಾನು ಆ ಮರಿಯನ್ನು ಸೆರಗಿನಲ್ಲಿ ಎತ್ತಿಕೊಂಡು ಹೊರಗೆ ಬಂದೆ. ಬೇಲಿಯ ಹತ್ತಿರ ವಾಂತಿಯಾಯಿತು. ಬಾಯಿ ತೊಳೆದುಕೊಂಡು ನೋಡುವಷ್ಟರಲ್ಲಿ ಅದು ಸತ್ತಿತ್ತು.

ಮನೆಗೆ ಬಂದರೆ ನಿಮ್ಮಪ್ಪ ಜಗಲಿಯಲ್ಲಿ ಊಟಕ್ಕೆ ಕೂತಿದ್ದರು. ಶಿವ ಅದೇ ಕೈಯನ್ನು ಪಂಚೆಗೆ ಒರೆಸಿಕೊಂಡು ಅವರ ಪಕ್ಕ ಕೂತ. ನಿನ್ನನ್ನು ಶಿವನಿಗೆ ಕೊಡುವ ಮಾತು ನಿನ್ನ ಕಿವಿಗೂ ಬಿದ್ದಿದೆ. ನೀನು "ಅಮ್ಮ ಹೇಳಿದ ಹಾಗೆ" ಎಂದೆಯಂತೆ. ಇಪ್ಪತ್ನಾಲ್ಕನೇ ತಾರೀಖು ಭಾನುವಾರ ನಿನ್ನನ್ನು ಕರೆಸಿ ವೀಳ್ಯದ ಶಾಸ್ತ್ರ ಮುಗಿಸುವುದೆಂದು ಇಬ್ಬರೂ ಅನ್ನ ಕಲಸುತ್ತ ಗೊತ್ತುಮಾಡಿದರು.

ನಾನು, "ಹೊರಗೆ ಒಂದು ಸಂಬಂಧ ನೋಡಬಹುದಲ್ಲ" ಎಂದೆ.

"ಒರಗಿನೋರು ಹೆಂಗೋ ಏನೋ" ಎಂದರು ನಿಮ್ಮಪ್ಪ. "ನಮ್ಮುಡುಗ ಇರುವಾಗ ಬೀದಿ ಬೀದಿ ಅಲೀಬೇಕಾ? ನಾನೂ ನಿಂಗೆ ಸೋದರಮಾವನೇ ಅಲ್ವಾ? ಏನು ಕಮ್ಮಿಯಾಗದೆ ಈಗ ನಿಂಗೆ?"

ಶಿವ ತಲೆ ತಗ್ಗಿಸಿಕೊಂಡು ನಗುತ್ತಿದ್ದ. ನಾನು ಪಲ್ಯ ಬಡಿಸಿದೆ.

ಅವರು ಕೈ ತೊಳೆಯುವುದರೊಳಗೆ ಜುಟ್ಟಿಯನ್ನು ಒಂದು ರಟ್ಟಿನ ಡಬ್ಬಿಯಲ್ಲಿ ಹಳೆಯ ಟವೆಲ್ ಹಾಸಿ ಕೂರಿಸಿಕೊಂಡು ಹುಣಸೂರಿನ ಬಸ್ಸು ಹತ್ತಿದೆ. ಹಕ್ಕಿ ನೋಡುವ ಡಾಕ್ಟರು ಸಿಕ್ಕರು, ನಿನ್ನ ವಯಸ್ಸಿನ ಹುಡುಗಿ. ಜುಟ್ಟಿಯನ್ನು ಬೆಚ್ಚಗೆ ಇಟ್ಟು, ಸೂಜಿ ಹಾಕಿ, ಕೊನೆಗೆ ಮೊಟ್ಟೆಯನ್ನು ಒಳಗೇ ಒಡೆದು ತೆಗೆದರು. ಸಿಪ್ಪೆ ಒದ್ದೆ ಕಾಗದದ ಹಾಗಿತ್ತು. ಬರೀ ನವಣೆ ತಿಂದು, ಬಿಡುವಿಲ್ಲದೆ ಮೊಟ್ಟೆಯಿಟ್ಟು, ಮೈಯಲ್ಲಿ ಸುಣ್ಣದ ಅಂಶವೇ ಉಳಿದಿಲ್ಲ ಎಂದರು. ವರ್ಷಕ್ಕೆ ಎರಡು ಸಲಕ್ಕಿಂತ ಹೆಚ್ಚು ಮರಿ ಮಾಡಿಸಬಾರದಂತೆ. ಇವು ಕಾಯಿಲೆಯನ್ನು ಬಚ್ಚಿಡುವ ಹಕ್ಕಿಗಳಂತೆ. ತಳಕ್ಕಿಳಿದು ಕೂತವೆಂದರೆ ಬಹಳ ದಿನದಿಂದ ನರಳುತ್ತಿವೆ ಎಂದೇ ಅರ್ಥವಂತೆ.

ಕಾಗದದಲ್ಲಿ ಸುತ್ತಿ ತಂದಿದ್ದ ಸತ್ತ ಮರಿಯನ್ನೂ ತೋರಿಸಿದೆ. ಡಾಕ್ಟರು ಅದನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿ, "ಅಪ್ಪ ಅಮ್ಮ ಎರಡೂ ಒಂದೇ ಮನೆಯ ಹಕ್ಕಿಗಳಾ?" ಎಂದು ಕೇಳಿದರು. ಕೇಳಿಸಲಿಲ್ಲವೇನೋ ಎಂದುಕೊಂಡು ಅವರು ಇನ್ನೊಮ್ಮೆ ಕೇಳಿದರು.

ಜುಟ್ಟಿಯ ಒಂದು ಕಾಲಿಗೆ ಇನ್ನೂ ಬಲ ಬಂದಿಲ್ಲ. ಕೂರುವ ಕಡ್ಡಿಯನ್ನು ಕೆಳಗೇ ಕಟ್ಟಿದ್ದೇನೆ. ನುಗ್ಗೆಸೊಪ್ಪು, ಬೇಯಿಸಿದ ಮೊಟ್ಟೆ ತಿನ್ನುತ್ತಾಳೆ. ಮತ್ತೆ ಮೊಟ್ಟೆಯಿಡುವ ಆಸೆ ಹುಟ್ಟಬಾರದೆಂದು ಸಂಜೆಯೇ ಪಂಜರಕ್ಕೆ ಬಟ್ಟೆ ಮುಚ್ಚಬೇಕು, ಮುಚ್ಚುತ್ತೇನೆ. ನಿನ್ನೆ ಶಿವ ಫೋನ್ ಮಾಡಿ, "ವಾಸಿಯಾಗದೆ ಅಂದ್ಯಲ್ಲ, ಬಂದು ತಕೊಂಡೋಯ್ತೀನಿ ಕಣಕ್ಕ" ಎಂದ. ಕೊಡುವುದಿಲ್ಲ ಎಂದೆ. "ನಂದೇ ಹಕ್ಕಿ" ಎಂದ. ಮಧುವಿನ ಹಕ್ಕಿ ಎಂದೆ. ಅವನು ಫೋನನ್ನು ನಿಮ್ಮಪ್ಪನಿಗೆ ಕೊಡು ಎಂದ; ಕೊಡಲಿಲ್ಲ.

ನೀನು ಇಪ್ಪತ್ನಾಲ್ಕಕ್ಕೆ ಬರಬೇಡ. ಅಜ್ಜಿಗೆ ಹುಷಾರಿಲ್ಲ ಎಂದು ಹೇಳಿ ಕರೆದರೂ ಬರಬೇಡ, ಅಜ್ಜಿ ಚೆನ್ನಾಗಿದ್ದಾರೆ. "ಅಮ್ಮ ಹೇಳಿದ ಹಾಗೆ" ಎಂದಿದ್ದೆಯಲ್ಲ, ಅಮ್ಮ ಬೇಡ ಎಂದು ಹೇಳಿದ್ದಾಳೆ. ಯಾರು ಕೇಳಿದರೂ ನನ್ನ ಹೆಸರನ್ನೇ ಹೇಳು. ಇಲ್ಲಿ ಆಗುವ ರಾದ್ಧಾಂತ ನನಗಿರಲಿ.

ಕಾಡಿನ ಕಡೆಯ ಊರು, ಕತ್ತಲಾದ ಮೇಲೆ ಹೊರಗೆ ಓಡಾಡಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ಎಲ್ಲಿ ಬಾಳಿದರೂ ನಿನ್ನ ಮನೆ ಗಾಳಿ ಬೆಳಕು ಇರುವ ಮನೆಯಾಗಲಿ.

ನಿನ್ನ ಅಮ್ಮ,
ಸುನಂದ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ. ನಿನಗಿಂತ ಮೊದಲು ನನಗೆ ಒಬ್ಬ ಮಗ ಹುಟ್ಟಿದ್ದ. ಅವನ ಕುತ್ತಿಗೆ ನಿಲ್ಲಲೇ ಇಲ್ಲ. ಹಾಲು ಕುಡಿಯುವುದಕ್ಕೂ ಸುಸ್ತಾಗುತ್ತಿದ್ದ. ಮೈಸೂರಿನ ಡಾಕ್ಟರು ಮಗುವನ್ನು ಮುಟ್ಟುವ ಮೊದಲು ನನ್ನನ್ನು ಕೇಳಿದ್ದು, "ಸಂಬಂಧದಲ್ಲೇ ಮದುವೆಯಾ?" ಎಂದು. ಮೊದಲ ಯುಗಾದಿಗೆ ಮುಂಚೆಯೇ ಹೋಗಿಬಿಟ್ಟ. ಆಮೇಲೆ ಮನೆಯಲ್ಲಿ ಯಾರೂ ಅವನ ಮಾತೆತ್ತಲಿಲ್ಲ. ನಿನಗೆ ಹೇಳಕೂಡದೆಂದು ನನ್ನಿಂದ ಆಣೆ ಹಾಕಿಸಿಕೊಂಡರು. ಶಿವ ಆಗ ಸಣ್ಣವನು. ಒಂದು ಕೈಯನ್ನು ಮಗುವಿನ ತಲೆಗೆ ಆನಿಸಿ, ಅಂಗಳದಲ್ಲಿ ಅವನನ್ನು ಎತ್ತಿಕೊಂಡು ತಿರುಗುತ್ತಿದ್ದ. ಬ್ಯಾರನ್ನಿನಲ್ಲಿ "ಹುಟ್ಟುವಾಗ್ಲೇ ಅಂಗೆ" ಎಂದನಲ್ಲ, ಆಗ ಅವನಿಗೆ ನೆನಪಾಯಿತೋ ಇಲ್ಲವೋ ತಿಳಿಯದು. ಮಗುವನ್ನು ಮಣ್ಣು ಮಾಡಿ ಬಂದು, ಕೈಕಾಲು ತೊಳೆಯುತ್ತ, ನಿಮ್ಮಪ್ಪ ನನಗೆ ಹೇಳಿದ್ದೂ ಅದೇ ಮಾತು.