ಮುನ್ನೂರು ಕೋಟಿ ವರ್ಷದ ಹಾಸುಬಂಡೆ

ನಮ್ಮೂರು, ತಿ. ನರಸೀಪುರ ತಾಲ್ಲೂಕು
12 ಜನವರಿ 2025, ಭಾನುವಾರ

ದಿವ್ಯಳ ಅಪ್ಪನಿಗೆ ಪುಟ್ಟಲಕ್ಷ್ಮಿಯ ಜೈಭೀಮ್.

ಅಸ್ಸಾಮಿನ ಕ್ಯಾಂಪಿನಲ್ಲಿ ಚಳಿ ಹೇಗಿದೆ? ಮಂಡಿನೋವು ಇಳಿಯಿತೇ? ನಾನು ಕಳಿಸಿದ ಎಣ್ಣೆಯನ್ನು ಜೊತೆಯ ಜವಾನರಿಗೆಲ್ಲ ಹಂಚಿ ಮುಗಿಸಿರುತ್ತೀರಿ, ನಿಮ್ಮ ಬುದ್ಧಿ ನನಗೆ ಗೊತ್ತಿಲ್ಲವೇ! ಇಲ್ಲಿ ಅತ್ತೆಯೂ ನಾನೂ ಚೆನ್ನಾಗಿದ್ದೇವೆ. ಹುರುಳಿ ಕಿತ್ತಾಯಿತು. ಫೋನಿನಲ್ಲಿ ಹೇಳಿದರೆ ಅರ್ಧ ಕೇಳುವಷ್ಟರಲ್ಲೇ ರೇಗುತ್ತೀರಿ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಮೊನ್ನೆ ದಿವ್ಯಳ ಕಾಲೇಜಿನವರು ಭೂವಿಜ್ಞಾನದ ಪಾಠಕ್ಕೆಂದು ನಮ್ಮೂರ ಹಾಸುಬಂಡೆಗೇ ಬಂದಿದ್ದರು. ಹೌದು, ಅದೇ ಬಂಡೆ. ನೆತ್ತಿಯ ಸಮತಟ್ಟು ಜಾಗ ಮೇಲಿನ ಬೀದಿಯವರ ಕಣ, ಕಾಳು ಉರುಳಿಹೋಗುವ ಇಳಿಜಾರು ನಮ್ಮ ಬೀದಿಗೆ. ನಮ್ಮ ಮದುವೆಯಾದ ವರ್ಷ ನೀವು ನೆತ್ತಿಯ ಮೇಲೆ ಹರಡಿದ ಹುರುಳಿಯನ್ನು ಅವರು ಗುಡಿಸಿ ಕೆಳಕ್ಕೆ ತಳ್ಳಿದರಲ್ಲ, ಅವತ್ತಿನಿಂದ ನೀವು ಅಲ್ಲಿಗೆ ಕಾಲಿಟ್ಟಿಲ್ಲ. ನಿಮ್ಮ ಮಗಳು ಮಾತ್ರ, ಮೇಷ್ಟ್ರು ಹೇಳಿದ್ದೇ ತಡ, ಸರಸರನೆ ನೆತ್ತಿ ಹತ್ತಿ ಪಾಠ ಶುರುಮಾಡಿದಳು. ಬಂಡೆಗೆ ಸುಮಾರು ಮುನ್ನೂರು ಕೋಟಿ ವರ್ಷವಂತೆ. ನೆಲದಾಳದಲ್ಲಿ ಬೆಂದು ಮಡಿಚಿಕೊಂಡಿದ್ದರಿಂದಲೇ ಅದಕ್ಕೆ ಆ ಕರಿಬಿಳಿ ಪಟ್ಟೆಯಂತೆ. ಆಗ ಹುಲ್ಲಿಲ್ಲ, ಮರವಿಲ್ಲ, ಮೀನಿಲ್ಲ, ನಾವು ಉಸಿರಾಡುವಂಥ ಗಾಳಿಯೂ ಇಲ್ಲ. ಚಂದ್ರ ಹತ್ತಿರವಿದ್ದು ಈಗಿನದಕ್ಕಿಂತ ದೊಡ್ಡದಾಗಿ ಕಾಣುತ್ತಿದ್ದನಂತೆ, ಹಗಲೂ ರಾತ್ರಿಯೂ ಗಿಡ್ಡವಂತೆ.

ಅಲ್ಲೇ ಹುರುಳಿ ಒಣಗಿಸುತ್ತಿದ್ದ ಮೇಲಿನ ಬೀದಿಯ ಮಹಾದೇವಸ್ವಾಮಿಯವರು, "ಅವಾಗ ನಮ್ಮೋರು ಎಲ್ಲಿದ್ರವ್ವಾ?" ಎಂದರು. ಇವಳು ತಡವರಿಸಲಿಲ್ಲ: "ನೀರ್ನಲ್ಲಿ ಲೋಳೆಯಾಗಿದ್ರು ತಾತ. ನಿಮ್ಮೋರೂ ನಮ್ಮೋರೂ ಒಂದೇ ಲೋಳೆ ಕಣ ತಾತ!"

ಮಕ್ಕಳೆಲ್ಲ ಗೊಳ್ಳೆಂದರು. ಸ್ವಾಮಿಯವರು ನಗಲಿಲ್ಲ, ಬಗ್ಗಿ ಬಂಡೆಯ ಪಟ್ಟೆಯನ್ನು ಬೆರಳಿನಿಂದ ಸವರಿ ನೋಡಿದರು. ಇಳಿಜಾರಿನಲ್ಲಿ ನಮ್ಮ ಹುರುಳಿ ಕಾಯುತ್ತಿದ್ದ ನನಗೆ ಹೆದರಿಕೆಯಾದದ್ದು ನಿಜ, ಆದರೆ ಹೆಮ್ಮೆಯಿಂದ ಕಣ್ಣು ತುಂಬಿ ಬಂತು. ಇಂಥ ಮಗಳನ್ನು ಹೆತ್ತೆನಲ್ಲ ಅಂತ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದೆ. ಅತ್ತೆ, "ನನ್ ಮೊಮ್ಮಗಳು ಕಣಮ್ಮಿ, ನನ್ ಬಾಯೇ ಬಂದದೆ" ಎಂದು ಆ ಹೆಮ್ಮೆಯನ್ನೂ ಕಿತ್ತುಕೊಂಡರು.

ನಿಮ್ಮ ಅವ್ವ ಆಶೀರ್ವಾದ ತಿಳಿಸಿದ್ದಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಸ್ವೆಟರ್ ಹಾಕಿಕೊಳ್ಳಿ.

ನಿಮ್ಮವಳೇ ಆದ
ಪುಟ್ಟಲಕ್ಷ್ಮಿ

ಮತ್ತೊಂದು ಮಾತು: ರೇಗಬೇಡಿ. ಈವತ್ತು ಬೆಳಿಗ್ಗೆ ನಮ್ಮ ಹುರುಳಿಯನ್ನು ನೆತ್ತಿಯ ಮೇಲೆ ಹರಡಿದೆ. ಮಹಾದೇವಸ್ವಾಮಿಯವರು ಬಂದರು, ನೋಡಿದರು, ತಮ್ಮ ಹುರುಳಿಯನ್ನು ಅತ್ತ ಎಳೆದುಕೊಂಡರು. ಜಾಗ ಬಿಟ್ಟರೋ, ದೂರ ಸರಿದರೋ ತಿಳಿಯಲಿಲ್ಲ. ನಾನಂತೂ ಎದ್ದಿಲ್ಲ. ಈ ಕಾಗದವನ್ನು ಇಲ್ಲೇ ಕುಳಿತು ಬರೆದಿದ್ದೇನೆ.