ಪೆಟ್ಟಿಗೆಗೆ ಇಷ್ಟೆಂದು ಶುಲ್ಕ

ನವೆಂಬರ್ ೧೬, ಭಾನುವಾರ, ಸೇಡಂ

ಅಮೃತಪ್ಪನವರು ಒಪ್ಪಲಾರರು ಎಂದು ಬೆಳಿಗ್ಗೆಯಿಂದ ಮನಸ್ಸು ಕೊರೆಯುತ್ತಿತ್ತು. ನಮ್ಮ ಜೇನು ಸಾಕುವವರ ಸಂಘದಲ್ಲಿ ಅವರಷ್ಟು ಪೆಟ್ಟಿಗೆ ಯಾರಲ್ಲೂ ಇಲ್ಲ. ಹುಳುಗಳು ಏಕೆ ಸಾಯುತ್ತಿವೆ ಎಂಬ ಸಂಶೋಧನೆಗೆ ನಾವೇ ಪೆಟ್ಟಿಗೆಗೆ ಇಷ್ಟೆಂದು ಶುಲ್ಕ ಕಟ್ಟೋಣ ಎಂದವಳು ನಾನು.

ಸಭೆಗೆ ಬಂದಿದ್ದ ಸಂಶೋಧಕಿ ಭಾಗ್ಯಶ್ರೀಯವರನ್ನು ಅಮೃತಪ್ಪ ನೇರವಾಗಿ ಕೇಳಿದರು: "ರೊಕ್ಕ ಕೊಟ್ರ ಔಷಧ ಸಿಗತದೇನ್ರಿ ಮೇಡಂ?"

"ಗೊತ್ತಿಲ್ರಿ. ವರ್ಷಗಟ್ಟಲೆ ಹುಡುಕಿದ್ರೂ ಏನೂ ಸಿಗದೇ ಇರಬಹುದು."

ಕೆಲಸ ಕೆಟ್ಟಿತು ಎಂದುಕೊಂಡೆ. ಆಕೆಯ ಮೇಲೆ ಸಿಟ್ಟೂ ಬಂತು.

ಅಮೃತಪ್ಪ ನನ್ನ ಕಡೆ ತಿರುಗಿದರು. "ನೋಡವಾ ಅತೀಯಾ, ಇಷ್ಟು ದಿನ ಬಂದವರೆಲ್ಲ ಖಾತ್ರಿ ಔಷಧ ಅಂತ ಹೇಳಿ ಮಾರಿ ಹೋದ್ರು. ಗೊತ್ತಿಲ್ಲ ಅಂದವರು ಇವರೊಬ್ಬರೇ. ಮೊದಲ ಹೆಸರು ನಂದೇ ಬರಕೋ."

ಉಳಿದವರೆಲ್ಲ ಒಬ್ಬೊಬ್ಬರಾಗಿ ಕೈ ಎತ್ತಿದರು.

ಮಧ್ಯಾಹ್ನ ಕುರಕುಂಟಾದ ತೊಗರಿ ಹೊಲಕ್ಕೆ ಹೋಗಿ ಅಮೃತಪ್ಪನವರ ಸೊರಗಿದ ಪೆಟ್ಟಿಗೆಗಳನ್ನೇ ಮೊದಲು ತೆರೆದೆವು. ಉತ್ತರ ಸಿಗುತ್ತದೋ ಇಲ್ಲವೋ, ಹುಡುಕಲು ಶುರು ಮಾಡಿದೆವಲ್ಲ, ಅಷ್ಟಕ್ಕೇ ಮನಸ್ಸು ತುಂಬಿದೆ. ಪೆಟ್ಟಿಗೆ ತೆರೆಯುವಾಗ ಮುಖದ ಜಾಲರಿಯೊಳಗೆ ನುಗ್ಗಿದ ಹುಳುವೊಂದು ಕಣ್ಣಿನ ಮೇಲೇ ಕಚ್ಚಿತು. ರೆಪ್ಪೆ ಊದಿ ಈಗ ಬರೆಯುವ ಸಾಲುಗಳು ಒಂದರ ಮೇಲೊಂದು ಬೀಳುತ್ತಿವೆ, ನಾಳೆ ಭಾಗ್ಯಶ್ರೀಯವರಿಗೆ ಉಳಿದವರ ಪೆಟ್ಟಿಗೆಗಳನ್ನೂ ತೋರಿಸಬೇಕು, ಇವತ್ತಿಗೆ ಇಷ್ಟೇ ಸಾಕು.