ಚಾಕ್‌ಪೀಸ್ ಡಬ್ಬಿಯ ಚೀಟಿಗಳು

೧೪-೯-೧೯೮೨, ಮಂಗಳವಾರ

ಒಂಬತ್ತನೇ ತರಗತಿಯ ಗುತ್ಯಮ್ಮನ ಮಾತು ಊಟಕ್ಕೆ ಕೂತರೂ ಬಿಡಲಿಲ್ಲ.

ಕಳೆದ ತಿಂಗಳು ಮನೆಲೆಕ್ಕ ತಿದ್ದುವಾಗ ಮೈ ಉರಿದಿತ್ತು. ಅವಳು ತಪ್ಪಾಗಿ ಬರೆದು ಹೊಡೆದುಹಾಕಿದ ಏಳರ ಅಂಕಿಯನ್ನೂ ಹನ್ನೊಂದು ಮಕ್ಕಳು ಹಾಗೇ ಬರೆದು, ಹಾಗೇ ಹೊಡೆದುಹಾಕಿದ್ದರು. ಬೆಳಿಗ್ಗೆ ಹಿನ್ನೀರು ದಾಟಿಸಿ ಮಕ್ಕಳನ್ನು ಹೊಳೆಬಾಗಿಲಿಗೆ ತರುವ ಲಾಂಚಿನಲ್ಲೇ ನಕಲು ಮುಗಿಯುತ್ತಿತ್ತಂತೆ. ಅಂದಿನಿಂದ ದಿನವೂ ಚಾಕ್‌ಪೀಸ್ ಡಬ್ಬಿಯಲ್ಲಿ ಚೀಟಿ ಹಾಕಿಡುತ್ತೇನೆ. ಹಿಂದಿನ ದಿನದ ಲೆಕ್ಕವೇ, ಆದರೆ ಒಬ್ಬೊಬ್ಬರ ಚೀಟಿಯಲ್ಲಿ ಬೇರೆ ಬೇರೆ ಅಂಕಿ. ಎತ್ತಿಕೊಂಡವರು ಅಲ್ಲೇ ಮಾಡಿ ತೋರಿಸಬೇಕು. ನಕಲು ನಿಂತಿತು. ಹೆಡ್‌ಮಾಸ್ಟರು ಹೊಗಳಿದರು, ನಾನೂ ಬೀಗಿದೆ.

ಇವತ್ತು ಎಲ್ಲರೂ ಹೋದ ಮೇಲೂ ಗುತ್ಯಮ್ಮ ಬಾಗಿಲಲ್ಲೇ ನಿಂತಿದ್ದಳು.

“ಸಾರ್, ಚೀಟಿ ಯಾವಾಗ ನಿಲ್ಲಿಸ್ತೀರಿ?”

“ನಿನಗ್ಯಾಕೆ? ನಿಂದು ದಿನಾ ಸರಿ ಇರ್ತದಲ್ಲ.”

“ಮುಂಚೆ ಲಾಂಚಲ್ಲಿ ನಂಗೆ ಜಾಗ ಹಿಡಿದಿಡ್ತಿದ್ರು ಸಾರ್. ಈಗ ಯಾರೂ ಕರೆಯಲ್ಲ.”

ಲಾಂಚಿಗೆ ಹೊತ್ತಾಯಿತು ಎಂದು ಕಳಿಸಿಬಿಟ್ಟೆ. ಚೀಟಿ ನಿಲ್ಲಿಸುವ ಹಾಗಿಲ್ಲ, ಮಕ್ಕಳು ನಿಜವಾಗಿ ಕಲಿಯುತ್ತಿದ್ದಾರೆ. ನಾಳೆಗೆ ಕಾಗದ ಹರಿದಿಟ್ಟಿದ್ದೇನೆ, ಅಂಕಿ ಬರೆಯಲು ಕೈ ಏಳುತ್ತಿಲ್ಲ. ಇಬ್ಬಿಬ್ಬರು ಸೇರಿ ಒಂದು ಚೀಟಿಯ ಲೆಕ್ಕ ಮಾಡಿ ಎಂದರೆ ಹೇಗೆ? ಜೊತೆಗಾರರನ್ನು ಅವರೇ ಆರಿಸಿಕೊಳ್ಳಲಿ.

ಆದರೆ ಅವಳ ಪಕ್ಕಕ್ಕೆ ಯಾರೂ ಬಾರದೆ ಹೋದರೆ, ಇಡೀ ತರಗತಿಯ ಎದುರು, ನಾನೇ ಅವಳನ್ನು ಒಂಟಿಯಾಗಿ ನಿಲ್ಲಿಸಿದ ಹಾಗಾಗುತ್ತದೆ.